ಎತ್ತಿಕೊಡದ ಮಾತು

ಬೆಳ್ಳೂರು ಕ್ರಾಸಿನಲ್ಲಿ ನಾಗಮಂಗಲದ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಟೀ ಅಂಗಡಿಯ ಮಗ್ಗುಲಿಗೆ ಹೊಸದಾಗಿ ಒಂದು ಫರ್ನಿಚರ್ ಅಂಗಡಿ ಬಂದಿದೆ. ಅದರ ಹಿಂದಿನ ಶೆಡ್ಡಿನಲ್ಲಿ ಯಾರೋ ಹಲಸಿನ ಹಲಗೆಗೆ ಉಜ್ಜುಗೊರಡು ಹೊಡೆಯುತ್ತಿದ್ದರು. ಹಲಸಿನ ಮರದ ಹೊಟ್ಟಿಗೆ ಅದರದ್ದೇ ಒಂದು ವಾಸನೆಯಿದೆ. ಹಣ್ಣಿನ ವಾಸನೆಯಲ್ಲ ಅದು, ಹಣ್ಣು ತಿಂದು ಕೈ ತೊಳೆದ ಮೇಲೂ ಬೆರಳಲ್ಲಿ ಉಳಿದಿರುತ್ತದಲ್ಲ, ಅಂಥದ್ದು. ಕೈಯಲ್ಲಿದ್ದ ಟೀ ಆರಿತು. ಬಸ್ಸು ಬಂತು, ಕಂಡಕ್ಟರು ಕೂಗಿದ, ಹೋಯಿತು. ನಾನು ಹತ್ತಲಿಲ್ಲ.

ನನ್ನ ಬ್ಯಾಗಿನ ಒಳಜೇಬಿನಲ್ಲಿ ಅದೇ ಮರದ ಒಂದು ದಾಳವಿದೆ. ಪಾಂಡವಪುರದ ಬಡಗಿ ಲೋಕೇಶ ಮಾಡಿಕೊಟ್ಟದ್ದು. ಒಂದು ಮೂಲೆ ಕೊಂಚ ಜಾಸ್ತಿ ಉಜ್ಜಿಹೋಗಿರುವುದರಿಂದ ಹೇಗೆ ಉರುಳಿಸಿದರೂ ಹೆಚ್ಚಾಗಿ ಎರಡೇ ಬೀಳುತ್ತದೆ. ಅದನ್ನು ಕೊನೆಯ ಸಲ ಉರುಳಿಸಿದವರು ಬೋರೇಗೌಡರು. ಅವರು ಈಗ ಇಲ್ಲ. ಆ ಮಳೆಗಾಲದಲ್ಲಿ ಅವರಿಂದ ಒಂದು ಮಾತು ಆಡಿಸಲು ಹೋಗಿ ನಾನು ಸೋತೆ. ಮಾತಿನಿಂದಲೇ ಸುತ್ತಲ ಊರುಗಳಲ್ಲಿ ಹೆಸರು ಮಾಡಿದ ಮನುಷ್ಯನಿಂದ ಮಾತು ಆಡಿಸುವುದು ಏನು ಮಹಾ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ.

ಆ ವರ್ಷ ನನಗೆ ಪಾಂಡವಪುರದ ಒಂದು ಕಾಲೇಜಿನಲ್ಲಿ ಕನ್ನಡದ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿತ್ತು. ಈ ‘ಅತಿಥಿ’ ಎಂಬ ಹೆಸರಿಟ್ಟವರು ಯಾರೋ, ಅವರ ಮನೆಗೆ ಯಾರೂ ಅತಿಥಿಗಳಾಗಿ ಹೋಗದಿರಲಿ. ಎಲೆ ಹಾಕುತ್ತಾರೆ, ಬಡಿಸುವ ಹೊತ್ತಿಗೆ ಏಳಿ ಅನ್ನುತ್ತಾರೆ. ಕಿಕ್ಕೇರಿಯ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಓಡಾಡಿದರೆ ಸಂಬಳವೂ ಸೊಂಟವೂ ಒಟ್ಟಿಗೇ ಮುಗಿಯುತ್ತಿದ್ದವು. ಹಾಗಾಗಿ ಬೋರೇಗೌಡರ ಮನೆಯ ಮಹಡಿ ಮೇಲಿನ ಒಂಟಿ ರೂಮು ಹಿಡಿದೆ. ಸೋನೆ ಮಳೆ ಹಿಡಿದುಕೊಂಡಿತ್ತು. ನಾಲೆಗೆ ನೀರು ಬಿಟ್ಟಿದ್ದರು. ನಾಟಿ ಹಾಕುವ ಹೆಂಗಸರು ಬೆಳಿಗ್ಗೆ ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ರಸ್ತೆಯಲ್ಲಿ ಸಾಲಾಗಿ ಹೋಗುತ್ತಿದ್ದರು. ಸಂಜೆ ಕರೆಂಟು ಹೋಗುತ್ತಿತ್ತು. ಭಾನುವಾರಗಳಂತೂ ಕಳೆಯುತ್ತಲೇ ಇರಲಿಲ್ಲ.

ಮೈಸೂರಿನಲ್ಲಿ ಎಂ.ಎ. ಓದುವಾಗ ಹಾಸ್ಟೆಲಿನ ಗೆಳತಿಯೊಬ್ಬಳು ನನಗೊಂದು ಆಟ ಹಚ್ಚಿದ್ದಳು. ಅದಕ್ಕೆ ಮಣೆ ಬೇಡ, ಕಾಯಿ ಬೇಡ. ಒಬ್ಬರು ಕಥೆ ಹೇಳುತ್ತಾ ಹೋಗುತ್ತಾರೆ: ಕೋಟೆ, ಸುರಂಗ, ಬೆಂಕಿ ಉಗುಳುವ ಸರ್ಪ. ಮಿಕ್ಕವರು ಒಬ್ಬೊಬ್ಬರೂ ಆ ಕಥೆಯೊಳಗಿನ ಒಂದು ಪಾತ್ರವಾಗಿಬಿಡುತ್ತಾರೆ. ಕಥೆ ಹೇಳುವವರು ನಡುನಡುವೆ ನಿಲ್ಲಿಸಿ ‘ಈಗ ನೀನು ಏನು ಮಾಡ್ತೀಯ?’ ಅಂತ ಕೇಳುತ್ತಾರೆ. ಅವರು ಹೇಳಿದ್ದು ಕೈಗೂಡಿತೋ ಇಲ್ಲವೋ ಅನ್ನುವುದನ್ನು ದಾಳ ತೀರ್ಮಾನಿಸುತ್ತದೆ. ಅಷ್ಟೇ ಆಟ. ಆದರೆ ಹೊಸಬರಿಗೆ ಸರ್ಪದ ಜೊತೆ ಹೊಡೆದಾಡುವುದು ಸುಲಭ, ಇನ್ನೊಬ್ಬರಾಗಿ ಬಾಯಿ ಬಿಡುವುದು ಬಲು ಕಷ್ಟ.

ನನಗೆ ಸಿಕ್ಕ ಮೊದಲ ಹೊಸಬಳು ರೂಪ. ನನ್ನ ಹಾಗೇ ಅತಿಥಿ, ಅರ್ಥಶಾಸ್ತ್ರದವಳು, ಅರಕೆರೆಯಿಂದ ಶ್ರೀರಂಗಪಟ್ಟಣದ ಮೇಲೆ ಎರಡು ಬಸ್ಸು ಹಿಡಿದು ಬರುತ್ತಿದ್ದಳು. ಎರಡನೆಯವನು ಲೋಕೇಶ. ಮಳೆಗೆ ಉಬ್ಬಿ ಕಚ್ಚಿಕೊಂಡಿದ್ದ ನನ್ನ ರೂಮಿನ ಕಿಟಕಿ ಸರಿಮಾಡಲು ಬಂದವನು ಮೇಜಿನ ಮೇಲಿದ್ದ ನನ್ನ ಇಪ್ಪತ್ತು ಮುಖದ ಪ್ಲಾಸ್ಟಿಕ್ ದಾಳ ಎತ್ತಿ ನೋಡಿ ಮುಖ ಹುಳ್ಳಗೆ ಮಾಡಿದ. “ಷಣ್ಮುಗಸ್ವಾಮಿಗೇ ಆರು ಮುಖ ಸಾಕಾಯ್ತವೆ ಮೇಡಂ, ಇದ್ಕೆ ಇಪ್ಪತ್ತ್ಯಾಕೆ?” ಅಂದ. ಮಾರನೆಯ ವಾರ ಹಲಸಿನ ತುಂಡಿನಲ್ಲಿ ಆರು ಮುಖದ್ದು ಮಾಡಿಕೊಂಡು ಬಂದ, ಹಾಗೇ ಕೂತು ಆಟಕ್ಕೂ ಸೇರಿಕೊಂಡ.

ಮೊದಲೆರಡು ಭಾನುವಾರ ನಗೆಪಾಟಲು. ರೂಪ ನದಿ ದಾಟಿಸುವ ಅಂಬಿಗಿತ್ತಿ. “ಅವಳು ಹೋಗ್ತಾಳೆ ಅಂತ ಇಟ್ಕೊಳೆ” ಅಂದು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಲೋಕೇಶನನ್ನು ಸುರಂಗದೊಳಗೆ ನಿಲ್ಲಿಸಿ, ಮುಂದೆ ಮುಚ್ಚಿದ ಬಾಗಿಲಿದೆ, ಆಚೆ ಏನೋ ಉಸಿರಾಡುವ ಸದ್ದು, ಏನು ಮಾಡ್ತೀಯ ಅಂದರೆ, ಅವನು ಗಂಭೀರವಾಗಿ “ಬಾಗ್ಲು ಯಾವ ಮರ?” ಅಂತ ಕೇಳುತ್ತಿದ್ದ.

ನಾನು ದಾರಿ ಬದಲಿಸಿದೆ. ದನಿ ಬದಲಿಸಬೇಡಿ, ಅಭಿನಯ ಬೇಡ ಅಂದೆ. ದೊಡ್ಡ ಪ್ರಶ್ನೆ ಬಿಟ್ಟು ಸಣ್ಣದು ಕೇಳತೊಡಗಿದೆ. ಬೆಳಿಗ್ಗೆ ಏನು ಉಂಡೆ? ನಿನ್ನ ದೋಣಿ ಯಾರು ಮಾಡಿಕೊಟ್ಟದ್ದು? ಯಾರನ್ನು ಕಂಡರೆ ನಿನಗೆ ಆಗುವುದಿಲ್ಲ? ‘ಅವಳು’ ಅಂದಾಗಲೆಲ್ಲ ಸುಮ್ಮನೆ ಕಾಯುತ್ತಿದ್ದೆ, ‘ನಾನು’ ಅನ್ನುವ ತನಕ. ಆಷಾಢ ಮುಗಿಯುವ ಹೊತ್ತಿಗೆ ಒಂದು ದಿನ ರೂಪ, ನದಿ ಸುಂಕ ಕೇಳಲು ಬಂದ ಅಧಿಕಾರಿಗೆ, ಅಂದರೆ ನನಗೆ, “ನೀರು ನಿಮ್ಮಪ್ಪ ತೋಡಿದ್ದಾ? ನಾನು ಕೊಡಲ್ಲ, ಅದೇನು ಮಾಡ್ಕೊಳ್ತೀಯೋ ಮಾಡ್ಕೊ” ಅಂದಳು. ಅಂದು ತಾನೇ ಬೆಚ್ಚಿದಳು. ಆ ಸಂಜೆ ನನಗೆ ಆದ ಖುಷಿ ಪಾಠ ಮಾಡಿ ಯಾವತ್ತೂ ಆಗಿರಲಿಲ್ಲ.

ರೂಪಳ ಆ ಕೂಗೇ ಕೆಳಮನೆಯ ಬೋರೇಗೌಡರನ್ನು ಮೆಟ್ಟಿಲು ಹತ್ತಿಸಿತು. ನಾಲೆ ಕೆಳಗೆ ಕಬ್ಬು ಭತ್ತ, ಡೈರಿಗೆ ಹಾಲು, ಅದೆಲ್ಲ ಎಲ್ಲರ ಹಾಗೇ. ಆದರೆ ಆ ಸೀಮೆಯಲ್ಲಿ ಯಾವ ಊರಲ್ಲಿ ಪೌರಾಣಿಕ ನಾಟಕ ಕಟ್ಟಿದರೂ ರಾಜನ ಪಾರ್ಟು ಅವರದೇ. ಓದು ಬರಹ ಅಷ್ಟಕ್ಕಷ್ಟೆ. ಹಾರ್ಮೋನಿಯಂ ಮೇಷ್ಟ್ರು ಬಾಯಲ್ಲಿ ಹೇಳಿಕೊಟ್ಟದ್ದನ್ನು ಕಿವಿಯಲ್ಲಿ ಕಲಿತು, ಪುಟಗಟ್ಟಲೆ ಮಾತು ನಾಲಗೆ ತುದಿಯಲ್ಲಿ ಇಟ್ಟುಕೊಂಡಿದ್ದರು. ಮೈಕಿಲ್ಲದೆ ಅವರ ದನಿ ಊರಾಚೆಯ ಗದ್ದೆಗೆ ಕೇಳುತ್ತಿತ್ತಂತೆ.

“ಏನ್ ಮೇಡಮ್ಮೋರೆ, ಮ್ಯಾಲೆ ನಾಟ್ಕ ಕಲೀತಾವ್ರಂತೆ?” ಅಂದರು.

“ನಾಟಕ ಅಲ್ಲ ಯಜಮಾನ್ರೇ, ಆಟ.”

“ಪಾರ್ಟು ಅದಾ?”

“ಇದೆ.”

“ಅಂಗಾದ್ರೆ ನಾಟ್ಕವೇ ಬುಡಿ. ರಾಜನ್ ಪಾರ್ಟು ಯಾರ್ದು?”

ರಾಜ ಇಲ್ಲ, ಇಲ್ಲಿ ಎಲ್ಲರೂ ಸಣ್ಣವರೇ, ಬೇಕಾದರೆ ಕೋಟೆ ಬಾಗಿಲ ಕಾವಲುಗಾರ ಆಗಿ ಅಂದೆ. ಅವರಿಗೆ ಕೊಂಚ ಅವಮಾನವಾಯಿತು. ಆದರೂ ಪಂಚೆ ಸರಿಮಾಡಿಕೊಂಡು ಚಾಪೆ ಮೇಲೆ ಕೂತರು. ಶ್ರೀರಂಗಪಟ್ಟಣ ನೋಡಿ ಬೆಳೆದವರಿಗೆ ಕೋಟೆ ಬಾಗಿಲು ವರ್ಣಿಸುವ ಕಷ್ಟ ಇರಲಿಲ್ಲ. ಬಾಗಿಲಿಗೆ ಯಾರೋ ಅಪರಿಚಿತ ಬಂದಿದ್ದಾನೆ, ಏನು ಹೇಳ್ತೀರಿ ಅಂತ ಕೇಳಿದೆ. ಬೋರೇಗೌಡರು ಎದೆ ಸೆಟೆಸಿದರು, ಕೈ ಎತ್ತಿದರು, ಬಾಯಿ ತೆರೆದರು. ಏನೂ ಬರಲಿಲ್ಲ. ನನ್ನ ಕಡೆ ತಿರುಗಿ ಮೆಲ್ಲಗೆ, “ಎತ್ಕೊಡಿ” ಅಂದರು.

ಎತ್ತಿಕೊಡುವುದು ಅಂದರೆ ನಾಟಕದಲ್ಲಿ ಪರದೆ ಹಿಂದೆ ನಿಂತವನು ಮಾತಿನ ಮೊದಲ ಪದ ಪಿಸುಗುಟ್ಟುವುದು. ಆ ತುದಿ ಸಿಕ್ಕಿದರೆ ಸಾಕು, ಪಾತ್ರಧಾರಿ ಮಿಕ್ಕದ್ದನ್ನು ಎಳೆದುಕೊಂಡು ಹೋಗುತ್ತಾನೆ.

“ಎತ್ತಿಕೊಡೋಕೆ ಬರೆದ ಮಾತೇ ಇಲ್ಲವಲ್ಲ ಯಜಮಾನ್ರೇ. ನಿಮ್ಮ ಮಾತು ನೀವೇ ಆಡಬೇಕು.”

“ಬರೀದಿದ್ ಮಾತ ಎಂಗ್ ಆಡಾದು ಮೇಡಮ್ಮೋರೆ? ಬಾಯ್ಗೆ ಬಂದಂಗ್ ಮಾತಾಡ್ದ ಅಂತಾರೆ,” ಅಂದರು. ತಮಾಷೆಗಲ್ಲ, ನಿಜವಾಗಿ ಕೇಳಿದ್ದು. ಆದರೂ ಪ್ರತಿ ಭಾನುವಾರ ಬಂದರು. ಯಾವುದೋ ಹಳೆಯ ನಾಟಕದ ಮಾತನ್ನು ತಂದು ಕಾವಲುಗಾರನ ಬಾಯಿಗೆ ತುರುಕುತ್ತಿದ್ದರು. ಬಾಗಿಲಲ್ಲಿ ನಿಂತ ಭಿಕ್ಷುಕನಿಗೂ ‘ಎಲವೋ ಮೂಢ’ ಅನ್ನುತ್ತಿದ್ದರು. ನಾವು ನಗುತ್ತಿದ್ದೆವು, ಅವರೂ ನಗುತ್ತಿದ್ದರು. ನಗುವಾಗ ಒಂದು ಕಡೆಯ ದವಡೆ ಒತ್ತಿ ಹಿಡಿಯುತ್ತಿದ್ದರು.

ಯುಗಾದಿಯಿಂದಲೂ ನಾಲಗೆ ಮಗ್ಗುಲಲ್ಲಿ ಹುಣ್ಣು ಇತ್ತಂತೆ. ಎಲೆ ಅಡಿಕೆ ಜೊತೆ ಹೊಗೆಸೊಪ್ಪಿನ ಕಡ್ಡಿಪುಡಿ ಹಾಕುವವರಿಗೆ ಇದ್ದದ್ದೇ ಅಂತ ಬಿಟ್ಟಿದ್ದರು. ಗೌರಿ ಹಬ್ಬದ ಹಿಂದುಮುಂದು ಅನ್ನ ನುಂಗುವುದಕ್ಕೆ ಕಷ್ಟವಾಗಿ ಮೈಸೂರಿಗೆ ಹೋಗಿ ತೋರಿಸಿದರು. ತುಣುಕು ತೆಗೆದು ಪರೀಕ್ಷೆ ಮಾಡಿದರು. ಡಾಕ್ಟರು ಸುತ್ತಿಬಳಸಲಿಲ್ಲ. ನಾಲಗೆ ಬಹುಪಾಲು ತೆಗೆಯಬೇಕು, ಜೀವ ಉಳಿದರೂ ಮಾತು ಉಳಿಯುವುದಿಲ್ಲ ಅಂದರು. ಬೇಗ ಆದಷ್ಟೂ ಒಳ್ಳೆಯದು ಅಂದದ್ದಕ್ಕೆ ಬೋರೇಗೌಡರು, ಪಕ್ಷ ಕಳೀಲಿ, ಹಿರಿಯರಿಗೆ ಎಡೆ ಇಟ್ಟು ಬರುತ್ತೇನೆ ಅಂದರಂತೆ.

ಆ ವಾರವೇ ಅವರ ಹೆಂಡತಿ ರತ್ನಮ್ಮ ಮಹಡಿಗೆ ಬಂದರು. ಮಳೆ ಬಿಟ್ಟಿತ್ತು, ಒಗೆದ ಬಟ್ಟೆ ಹರವುವ ನೆಪ ಮಾಡಿಕೊಂಡಿದ್ದರು. ಒಂದು ಸೀರೆಯನ್ನು ಎರಡು ಸಲ ಹಿಂಡಿ, ಮತ್ತೆ ಬಕೆಟ್ಟಿಗೇ ಹಾಕಿ, ನನ್ನ ಬಾಗಿಲಲ್ಲಿ ಕೂತರು.

“ನೋಡವ್ವ, ಒಂದ್ ಮಾತೇಳ್ತೀನಿ, ನಗಬ್ಯಾಡ. ಮದ್ವೆಯಾದ್ ದಿಸದಿಂದ ಅವ್ರು ನನ್ನ ಎಸ್ರಿಡ್ದು ಕರ್ದಿಲ್ಲ. ‘ಲೇ’ ಅಂತಾರೆ, ‘ಇವ್ಳೇ’ ಅಂತಾರೆ. ಮಗ್ಳುಟ್ಟಿದ್ ಮ್ಯಾಲೆ ‘ಅವ್ಳವ್ವ’ ಅಂತಾರೆ. ಸ್ಟೇಜ್ ಮ್ಯಾಲೆ ಯಾವ್ಯಾವ್ ರಾಣೀರ್ಗೋ ಏನೇನೋ ಅಂದವ್ರೆ. ನಾನು ಕೆಳಗೆ ಚಾಪೆ ಮ್ಯಾಲೆ ಕೂತ್ಕಂಡು ಕೇಳಿವ್ನಿ. ಮದ್ವೇಲಿ ಒಸ್ಲಲ್ಲಿ ಎಸ್ರೇಳೋ ಶಾಸ್ತ್ರದಲ್ಲಿ ಒಂದ್ ಸಲ ಅಂದ್ರು, ‘ರತ್ನಮ್ಮ’ ಅಂತ. ಅದೂ ಅವ್ರ ಸೋದ್ರತ್ತೆ ಎತ್ಕೊಟ್ಟಿದ್ಕೆ.”

ನಾನು ನಗಲಿಲ್ಲ.

“ನಾಲ್ಗೆ ತಗುದ್ಬುಡ್ತಾರಂತೆ. ಅದ್ಕ್ ಮುಂಚೆ ಒಂದೇ ಸಲ ಕರೀಲಿ. ನಾನಾಗ್ ಕೇಳಾಕಾಯ್ತದಾ? ನಿನ್ನ ಆಟ್ದಲ್ಲಿ ಬಾಯಿ ಬರಸ್ತೀಯಂತಲ್ಲ, ಆ ಅರಕೆರೆ ಉಡ್ಗೀಗೆ ಬರಸ್ದಂಗೆ. ಇವ್ರಿಗೂ ಬರ್ಸು.” ಎದ್ದು ಹೊರಟವರು ಮತ್ತೆ ತಿರುಗಿದರು. “ಆದ್ರೆ ನೀನು ಎತ್ಕೊಟ್ಬುಡ್ಬ್ಯಾಡ ಕಣವ್ವ. ಅವ್ರ್ ಬಾಯಿಂದ್ಲೇ ಬರ್ಬೇಕು.”

ಕೂತು ಯೋಚಿಸಿದಷ್ಟೂ ನನಗೆ ಸಾಧ್ಯ ಅನ್ನಿಸಿತು. ನಾಚಿಕೆ ಇರುವವರಿಗಾಗಿಯೇ ಇರುವ ಆಟ ಇದು. ತನ್ನದಲ್ಲದ ಬಾಯಲ್ಲಿ ತನ್ನ ಮಾತು ಆಡುವುದಕ್ಕೆ ಅದರಷ್ಟು ಒಳ್ಳೆಯ ಆಸರೆ ಬೇರೆ ಯಾವುದಿದೆ? ಬೋರೇಗೌಡ ಕರೆಯದ ಹೆಸರನ್ನು ಒಬ್ಬ ಕಾವಲುಗಾರ ಕರೆಯಲಿ. ಮೊದಲೊಂದು ಸಲ ಬಾಯಿಗೆ ಬರಲಿ, ಆಮೇಲೆ ಮೆಟ್ಟಿಲಿಳಿದು ಮನೆಗೆ ಹೋಗುತ್ತದೆ ಅಂದುಕೊಂಡೆ. ಅಷ್ಟು ನಂಬಿಕೆ ನನಗೆ ದೇವರ ಮೇಲೂ ಇರಲಿಲ್ಲ.

ಮುಂದಿನ ಭಾನುವಾರ ಕಥೆಯನ್ನು ಕೋಟೆಯಿಂದ ಕಾವಲುಗಾರನ ಮನೆಗೆ ತಿರುಗಿಸಿದೆ. ಬೆಳಿಗ್ಗೆ ಏನು ಉಂಡಿರಿ ಅಂದೆ. ‘ಇಟ್ಟು, ಉಪ್ಪೆಸ್ರು’ ಅಂದರು. ಅದೇ ಅವರ ಮೊದಲ ಸ್ವಂತ ಮಾತು, ನಾನು ಹಿಗ್ಗಿದೆ. ಯಾರು ಮಾಡಿದ್ದು? ‘ಎಂಡ್ರು.’ ಚೆನ್ನಾಗಿತ್ತಾ? ತಡವರಿಸಿ, ‘ಇತ್ತು’ ಅಂದರು. ಹೆಂಡತಿ ಹೆಸರೇನು?

ಬೋರೇಗೌಡರು ತಲೆ ತಗ್ಗಿಸಿ ಚಾಪೆಯ ಎಳೆ ಕೀಳತೊಡಗಿದರು. ಕಿವಿ ಕೆಂಪಾಗಿತ್ತು. ಆ ವಯಸ್ಸಿನ ಗಂಡಸು, ಕಿರೀಟ ಹೊತ್ತು ಅಷ್ಟೊಂದು ಜನರೆದುರು ಗದೆ ತಿರುಗಿಸಿದವರು, ಹೊಸ ಮದುಮಗನ ಹಾಗೆ ಕೂತಿದ್ದರು. ಲೋಕೇಶ ತಡೆಯಲಾರದೆ, “ಎಸ್ರೇಳಣ್ಣೋ, ಆಟ ಅಲ್ವಾ?” ಅಂದ.

“ಸುಮ್ನಿರ್ಲಾ,” ಅಂದರು. ನನ್ನ ಕಡೆ ನೋಡದೆ, “ಪಾರ್ಟಿಗ್ ಒಂದೆಸ್ರು ನೀವೇ ಮಡಗ್ಬುಡಿ ಮೇಡಮ್ಮೋರೆ. ನಾನ್ ಕಲ್ತ್ಕತೀನಿ.”

ನಾನು ಇಡಲಿಲ್ಲ. ಬರುವ ವಾರ ಹೇಳಿ ಅಂದೆ. ಬರುವ ವಾರವೂ ಹೇಳಲಿಲ್ಲ. ಅಷ್ಟರಲ್ಲಿ ಅವರ ಮಾತು ದಪ್ಪವಾಗುತ್ತಾ ಬಂದಿತ್ತು, ‘ರ’ ಅನ್ನುವಲ್ಲಿ ಎಡವುತ್ತಿದ್ದರು. ಕಾಲೇಜಿನಲ್ಲಿ ಅದೇ ದಿನಗಳಲ್ಲಿ ನಾನು ಅಕ್ಷರಗಳು ಎಲ್ಲೆಲ್ಲಿ ಹುಟ್ಟುತ್ತವೆ ಅನ್ನುವ ಪಾಠ ಮಾಡುತ್ತಿದ್ದೆ. ನಾಲಗೆ ಹಲ್ಲಿಗೆ ತಾಗಿದರೆ ‘ತ’, ‘ನ’. ನಾಲಗೆ ತುದಿ ಮೇಲೆದ್ದು ಅದುರಿದರೆ ‘ರ’. ಬರೀ ತುಟಿ ಸಾಕಾಗುವುದು ‘ಪ’, ‘ಬ’, ‘ಮ’ಗಳಿಗೆ. ಬೋರ್ಡಿನ ಮೇಲೆ ಬರೆಯುತ್ತಾ ಸುಮ್ಮನೆ ನಿಂತುಬಿಟ್ಟೆ. ರತ್ನಮ್ಮನ ಹೆಸರಿನಲ್ಲಿ ಹೆಚ್ಚಿನದೆಲ್ಲ ನಾಲಗೆಯದೇ. ಹಿಂದಿನ ಬೆಂಚಿನವರು ಮೇಡಂ ಬಳಪ ಮುಗೀತಾ ಅಂದರು.

ಪಕ್ಷ ಕಳೆಯಿತು. ಹಿರಿಯರಿಗೆ ಎಡೆ ಇಟ್ಟದ್ದಾಯಿತು. ಬುಧವಾರ ಮೈಸೂರಿಗೆ ಹೊರಡಬೇಕು, ಭಾನುವಾರ ಕೊನೆಯ ಆಟ. ಮಧ್ಯಾಹ್ನವೇ ಮೋಡ ಕವಿದು ರೂಮು ಮಬ್ಬಾಗಿತ್ತು. ನಾನು ಕಥೆಯನ್ನು ಬೇಕೆಂದೇ ಅಲ್ಲಿಗೆ ತಂದೆ. ಶತ್ರುಗಳು ಬಂದಿದ್ದಾರೆ. ಕಾವಲುಗಾರ ಮನೆ ಬಿಟ್ಟು ಕೋಟೆಗೆ ಹೋಗಬೇಕು, ಮರಳಿ ಬರುವ ಖಾತರಿ ಇಲ್ಲ. ಹೆಂಡತಿ ಹೊಸ್ತಿಲಲ್ಲಿ ನಿಂತಿದ್ದಾಳೆ.

“ನೀವು ತಿರುಗಿ ಅವಳನ್ನು ಕರೀತೀರಿ ಯಜಮಾನ್ರೇ. ಏನಂತ ಕರೀತೀರಿ?”

ಬಾಗಿಲ ಹಿಂದಿನ ಮೆಟ್ಟಿಲ ಮೇಲೆ ಟೀ ಲೋಟಗಳ ತಟ್ಟೆ ಹಿಡಿದು ರತ್ನಮ್ಮ ನಿಂತಿದ್ದರು. ನಾಟಕದಲ್ಲಾದರೆ ಮಾತು ಎತ್ತಿಕೊಡುವವನು ನಿಲ್ಲುವ ಜಾಗ ಅದು. ನನಗೆ ಅವರ ಸೆರಗಿನ ಅಂಚು ಮಾತ್ರ ಕಾಣುತ್ತಿತ್ತು. ರೂಪ ನಗಲಿಲ್ಲ. ಲೋಕೇಶ ಬಾಗಿಲು ಯಾವ ಮರದ್ದು ಅಂತ ಕೇಳಲಿಲ್ಲ.

ಬೋರೇಗೌಡರು ಬಾಯಿ ತೆರೆದರು. ತುಟಿ ಅಲುಗಿತು. ನನ್ನನ್ನು ನೋಡಿದರು. ಆ ನೋಟ ಇವತ್ತಿಗೂ ನನ್ನ ಬೆನ್ನು ಬಿಟ್ಟಿಲ್ಲ, ಸ್ಟೇಜಿನ ಮೇಲೆ ಮಾತು ಮರೆತವರ ನೋಟ. “ಎತ್ಕೊಡಿ,” ಅಂದರು. ದನಿಯೇ ಇರಲಿಲ್ಲ.

ಒಂದೇ ಅಕ್ಷರ. ‘ರ’ ಅಂದಿದ್ದರೆ ಸಾಕಿತ್ತು. ನನ್ನ ನಾಲಗೆ ಮೇಲೆದ್ದೂ ಇತ್ತು. ಮೆಟ್ಟಿಲ ಮೇಲಿದ್ದವರು ಬೇಡ ಅಂದಿದ್ದರು. ನಾನು ತುಟಿ ಬಿಗಿದು ತಲೆ ಅಲ್ಲಾಡಿಸಿದೆ.

ಆಗ ಅವರು ಎದ್ದು ನಿಂತರು. ಹೆಗಲ ಟವಲು ಕೊಡವಿದರು. ಎಡಗೈ ಸೊಂಟಕ್ಕೆ, ಬಲಗೈ ಮುಂದಕ್ಕೆ. “ಪ್ರಾಣಕಾಂತೆ,” ಅಂದರು, “ರಣಕಹಳೆಯು ಎನ್ನನ್ನು ಕರೆಯುತ್ತಲಿಹುದು. ಕಣ್ಣೀರಿಂದ ಎನ್ನ ಕಾಲ್ಗಳನು ಕಟ್ಟದಿರು. ಜಯಲಕ್ಷ್ಮಿಯನು ಕೈಹಿಡಿದು ಮರಳಿ ಬರುವೆನು.” ಹುಣ್ಣಿನ ನಾಲಗೆಯಲ್ಲಿ ಅಷ್ಟೂ ಮಾತನ್ನು ತಪ್ಪಿಲ್ಲದೆ ಆಡಿದರು. ಕಣ್ಣಲ್ಲಿ ನೋವಿಗೆ ನೀರು ಬಂದಿತ್ತು. ಲೋಕೇಶ ಅರಿವಿಲ್ಲದೆಯೇ ಚಪ್ಪಾಳೆ ಹೊಡೆದುಬಿಟ್ಟ. ಕೆಳಗೆ ಬೀದಿಯಲ್ಲಿ ಯಾರೋ ನಿಂತು ಮೇಲೆ ನೋಡಿದರು.

ಕೂತು ತಾವೇ ದಾಳ ಎತ್ತಿ ಉರುಳಿಸಿದರು. ಎರಡು ಬಿತ್ತು. “ಎಂಗಿತ್ತು ಮೇಡಮ್ಮೋರೆ?” ಅಂದರು. ಚೆನ್ನಾಗಿತ್ತು ಅಂದೆ. ನಿಜಕ್ಕೂ ಚೆನ್ನಾಗಿತ್ತು, ಅದೇ ಕಷ್ಟ.

ರತ್ನಮ್ಮ ಒಳಗೆ ಬಂದು ಎಲ್ಲರ ಮುಂದೂ ಟೀ ಇಟ್ಟರು. “ಆರೋಯ್ತದೆ, ಕುಡೀರಿ,” ಅಂದರು.

ಬುಧವಾರ ಬೆಳಿಗ್ಗೆ ಮಗಳು ಅಳಿಯ ಕಾರು ತಂದಿದ್ದರು. ಬೋರೇಗೌಡರು ಹಟ್ಟಿಗೆ ಹೋಗಿ ಹಸುಗಳ ಮೈ ಸವರಿ ಬಂದರು. ಕಾರು ಹತ್ತುವ ಮುಂಚೆ ನನಗೆ, “ನಾನ್ ಬರಗಂಟ ನನ್ನ್ ಪಾರ್ಟ ಯಾರ್ಗೂ ಕೊಡ್ಬ್ಯಾಡಿ,” ಅಂದರು. ರತ್ನಮ್ಮ ಚೀಲ ಹಿಡಿದು ಹಿಂದೆ ಬರುತ್ತಿದ್ದರು. “ಬತ್ತೀಯೇನೇ, ಒತ್ತಾಯ್ತು,” ಅಂದರು ಬೋರೇಗೌಡರು ಅವರಿಗೆ. ಕಾರು ಶ್ರೀರಂಗಪಟ್ಟಣದ ರಸ್ತೆಗೆ ತಿರುಗಿ ಹೋಯಿತು.

ದಸರಾ ಕಳೆದ ಮೇಲೆ ವಾಪಸು ಬಂದರು, ಕೊರಳಿಗೆ ಬಟ್ಟೆ ಸುತ್ತಿಕೊಂಡು, ಅರ್ಧ ಮನುಷ್ಯರಾಗಿ. ಮೂಗಿಗೆ ಹಾಕಿದ್ದ ನಳಿಕೆಯಲ್ಲಿ ಗಂಜಿ. ನಾವು ಮತ್ತೆ ಆಡಲಿಲ್ಲ. ರೂಪ ಒಂದೆರಡು ಭಾನುವಾರ ಬಂದು ಕೂತು ಹೋದಳು. ಲೋಕೇಶ ದಾಳ ನೀವೇ ಇಟ್ಟುಕೊಳ್ಳಿ ಅಂದ. ಭತ್ತ ಕೊಯ್ಲಾಯಿತು, ಆಲೆಮನೆಗಳ ಹೊಗೆ ಎದ್ದಿತು, ನನ್ನ ಅತಿಥಿ ಕಾಲವೂ ಮುಗಿಯುತ್ತಾ ಬಂತು. ಆ ಚಳಿಗಾಲದಲ್ಲಿ ಕೆಳಮನೆಯಿಂದ ಮೊದಲಿಲ್ಲದ ಒಂದು ಸದ್ದು ದಿನವಿಡೀ ಕೇಳುತ್ತಿತ್ತು.

ರೂಮು ಖಾಲಿ ಮಾಡುವ ದಿನ ರತ್ನಮ್ಮ ಬಂದು, ಮೊದಲ ಸಲ ಕೂತಿದ್ದ ಬಾಗಿಲಲ್ಲೇ ಕೂತರು.

“ಈಗ್ ಮಾತಾಡ್ತಾವ್ರೆ ಕಣವ್ವ,” ಅಂದರು. “ಬೆಳಗ್ನಿಂದ ಸಂದೆಗಂಟ ಮಾತಾಡ್ತಾವ್ರೆ. ಜಲ್ಮದಲ್ಲಿ ನನ್ನ್ ಕೂಡೆ ಇಷ್ಟ್ ಮಾತಾಡಿಲ್ಲ. ಪಕ್ಕದಲ್ಲೇ ಕೂರುಸ್ಕತಾರೆ, ಕೈ ಇಡ್ಕತಾರೆ, ಏನೇನೋ ಏಳ್ತಾರೆ. ನಾಟ್ಕದ್ದಲ್ಲ, ಅದ್ ನಂಗೊತ್ತಾಯ್ತದೆ, ನಾಟ್ಕದ್ದಾದ್ರೆ ರಾಗ ಇರ್ತದೆ. ಇದು ಅವ್ರ್ದೇ ಮಾತು. ಒಂದೂ ತಿಳಿಯಾಕಿಲ್ಲ.”

ನಾನು ಪುಸ್ತಕ ಕಟ್ಟುವುದನ್ನು ನಿಲ್ಲಿಸಿದೆ.

“ಅವತ್ತು ನೀನು ಎತ್ಕೊಟ್ಟಿದ್ರೂ ಆಗ್ತಿತ್ತೇನೋ,” ಅಂದರು. ದೂರಲಿಲ್ಲ, ತಮಗೆ ತಾವೇ ಅಂದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, “ಒಂದೇ ಒಂದು ಸರ್‍ಯಾಗ್ ಬತ್ತದೆ. ‘ಅಮ್ಮ’ ಅಂತ. ಗಳ್ಗೆಗೊಂದ್ ಸಲ ಅಂತಾರೆ. ನೀನು ಅಕ್ಸರ ಕಲ್ಸೋಳು, ನೀನೇ ಏಳವ್ವ. ನೋವಿಗ್ ಅವ್ರವ್ವನ್ನ ಕೂಗ್ತಾವ್ರಾ, ಇಲ್ಲ, ನನ್ನೇ ಕರೀತಾವ್ರಾ?”

ನಾಲಗೆಯದೆಲ್ಲ ತೆಗೆದರೆ ರತ್ನಮ್ಮ ಅನ್ನುವ ಹೆಸರಿನಲ್ಲಿ ಉಳಿಯುವುದು ಅಷ್ಟೇ. ನೋವಿಗೆ ಕೂಗುವವರ ಬಾಯಲ್ಲೂ ಬರುವುದು ಅಷ್ಟೇ. ಎರಡಕ್ಕೂ ಬೇರೆ ಬೇರೆ ಗುರುತು ನಾನು ಓದಿದ ಯಾವ ಪಾಠದಲ್ಲೂ ಇರಲಿಲ್ಲ. ನಿಮ್ಮನ್ನೇ ಅಂದುಬಿಡಬಹುದಿತ್ತು. ಆದರೆ ಅದೂ ಎತ್ತಿಕೊಟ್ಟ ಹಾಗೇ ಆಗುತ್ತಿತ್ತು. ಗೊತ್ತಿಲ್ಲ ರತ್ನಮ್ಮೋರೆ ಅಂದೆ.

ಅವರು ತಲೆ ಆಡಿಸಿದರು. ಅಷ್ಟರಲ್ಲಿ ಕೆಳಗಿನಿಂದ ಕೇಳಿಸಿತು, “ಅಮ್ಮ.”

“ಬಂದೆ, ಇರಿ,” ಅಂತ ರತ್ನಮ್ಮ ಮಂಡಿಗೆ ಕೈಕೊಟ್ಟು ಎದ್ದು ಮೆಟ್ಟಿಲಿಳಿದು ಹೋದರು.